ಗಿಡದೊಳಗೆ ನೀರು, ಆಹಾರ ಸಾಗುವ ದಾರಿ: ಮನೆಯಂಗಳದಲ್ಲೇ ಕಂಡುಕೊಳ್ಳುವ ಬಗೆ

ಬೇರು ಹೀರಿದ ನೀರು ಮತ್ತು ಎಲೆ ತಯಾರಿಸಿದ ಆಹಾರ ಗಿಡದೊಳಗೆ ಬೇರೆ ಬೇರೆ ದಾರಿಗಳಲ್ಲಿ ಸಾಗುತ್ತವೆ. ಕೊಡಗಿನ ಮಕ್ಕಳು ಇದನ್ನು ಪಠ್ಯದ ಚಿತ್ರದಲ್ಲಷ್ಟೇ ನೋಡಿ ಬಿಡಬೇಕಾಗಿಲ್ಲ.

ಮೊದಲು ನೀರಿನ ದಾರಿ. ಮಳೆಗಾಲದಲ್ಲಿ ಬೆಳೆಯುವ ಕರ್ಣಕುಂಡಲ ಇದಕ್ಕೆ ಬಹಳ ಒಳ್ಳೆಯದು. ಅದರ ಕಾಂಡದಲ್ಲಿ ಬೆಳಕು ಹಾಯುತ್ತದೆ. ಎಲೆಗಳಿರುವ ಕೊಂಬೆಯೊಂದನ್ನು ಕಿತ್ತು, ಬುಡವನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿಕೊಂಡೇ ಮತ್ತೊಮ್ಮೆ ಓರೆಯಾಗಿ ಕತ್ತರಿಸಬೇಕು, ಇಲ್ಲವಾದರೆ ಕೊಳವೆಗಳಿಗೆ ಗಾಳಿ ಹೊಕ್ಕು ನೀರಿನ ಎಳೆ ತುಂಡಾಗುತ್ತದೆ. ಬಳಿಕ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ, ಮಳೆ ಬಿಟ್ಟು ಹೊಳವಾದ ಹೊತ್ತಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಕಾಂಡದಲ್ಲಿ ಕೆಂಪು ಗೆರೆಗಳು ಏರಿದ ಮೇಲೆ ಬ್ಲೇಡಿನಿಂದ ಅಡ್ಡಲಾಗಿ ತೆಳ್ಳಗೆ ಸೀಳಿ ನೋಡಿದರೆ, ಕಾಂಡವೆಲ್ಲ ಕೆಂಪಾಗಿರದೆ ಅಂಚಿನ ಸಮೀಪ ಸುತ್ತಲೂ ಸಾಲುಗೂಡಿದ ಚುಕ್ಕಿಗಳು ಮಾತ್ರ ಬಣ್ಣ ಹಿಡಿದಿರುತ್ತವೆ. ಅಲ್ಲಿರುವುದೇ ಕ್ಸೈಲಮ್, ಅಂದರೆ ನೀರು ಸಾಗಿಸುವ ಅಂಗಾಂಶ.

ಇನ್ನೊಂದು ಕೊಂಬೆಯ ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಬಣ್ಣ ನಿಧಾನವಾಗಿ ಏರುತ್ತದೆ. ಪತ್ರರಂಧ್ರಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಸಾಲು ಮೇಲಕ್ಕೆ ಸೆಳೆಯಲ್ಪಡುತ್ತದೆ ಎಂದು 1894ರಲ್ಲಿ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ವಿವರಿಸಿದರು. ತೋಟದ ಸಿಲ್ವರ್ ಓಕ್ ಮರದ ತುದಿಗೂ ನೀರು ತಲುಪುವುದು ಹೀಗೆಯೇ. ಮಂಜು ಕವಿದ ಬೆಳಗಿನಲ್ಲಿ ಈ ಸೆಳೆತ ಬಹುತೇಕ ನಿಲ್ಲುತ್ತದೆ. ಆಗ ಕೆಸುವಿನ ಎಲೆಯ ತುದಿಯಲ್ಲಿ ತೊಟ್ಟಿಕ್ಕುವ ಹನಿ ಸಾಮಾನ್ಯವಾಗಿ ಇಬ್ಬನಿಯಲ್ಲ, ಬೇರಿನ ಒತ್ತಡಕ್ಕೆ ಎಲೆಯೊಳಗಿನಿಂದಲೇ ಹೊರಬಂದ ನೀರು.

ಆಹಾರದ ದಾರಿಗೆ ದಾಸವಾಳದ ಬೆರಳುಗಾತ್ರದ ಕೊಂಬೆ ಸಾಕು. ಮುಖ್ಯ ಕಾಂಡವನ್ನು ಎಂದೂ ಮುಟ್ಟಬಾರದು. ಸುಮಾರು 2 ಸೆಂ.ಮೀ. ಅಗಲಕ್ಕೆ ಸುತ್ತಲೂ ತೊಗಟೆ ಸುಲಿದು, ಒಳಗಿನ ಜಾರುವ ಪದರವನ್ನೂ ಕೆರೆದು ತೆಗೆಯಬೇಕು. ಕಟ್ಟಿಗೆಯೊಳಗಿನ ಕ್ಸೈಲಮ್ ಉಳಿದಿರುವುದರಿಂದ ಎಲೆ ಬಾಡುವುದಿಲ್ಲ. ಕೆಲವು ವಾರಗಳಲ್ಲಿ ಗಾಯದ ಮೇಲಂಚು ಮಾತ್ರ ಉಬ್ಬುತ್ತದೆ, ಏಕೆಂದರೆ ತೊಗಟೆಯಲ್ಲಿ ಆಹಾರ ಸಾಗಿಸುವ ಅಂಗಾಂಶವಾದ ಫ್ಲೋಯಮ್ ಮೂಲಕ ಇಳಿಯುತ್ತಿದ್ದ ಸಕ್ಕರೆ ಅಲ್ಲಿಯೇ ತಡೆದು ನಿಂತಿರುತ್ತದೆ. ಕೊಂಬೆ ಗಿಡದಲ್ಲಿರುವಾಗಲೇ ಅದರಿಂದ ಹೊಸ ಗಿಡ ಮಾಡುವ ಗೂಟಿ ಕಸಿಯಲ್ಲಿ ಬೇರು ಬರಿಸುವುದೂ ಇದೇ ಜಾಗದಲ್ಲಿ.

ಫ್ಲೋಯಮ್‌ನಲ್ಲಿ ಆಹಾರ ಸಾಗಿಸುವ ಕೋಶಗಳು ಜೀವಂತವಾಗಿರುತ್ತವೆ. ಎಲೆಯ ಬಳಿ ಸಕ್ಕರೆ ತುಂಬಿದಾಗ ಪಕ್ಕದ ಕ್ಸೈಲಮ್‌ನಿಂದ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ, ಒತ್ತಡ ಕಡಿಮೆಯಿರುವ ಕಡೆಗೆ ರಸ ಹರಿಯುತ್ತದೆ. 1930ರಲ್ಲಿ ವಿಜ್ಞಾನಿ ಮ್ಯುಂಕ್ ಮಂಡಿಸಿದ ವಿವರಣೆಯಿದು. ಆದ್ದರಿಂದ ಆಹಾರ ಕೆಳಗೂ ಹೋಗುತ್ತದೆ, ಮೇಲಕ್ಕೂ ಹೋಗುತ್ತದೆ. ನೆರಳು ಕಡಿಮೆಯಾದ ತೋಟದಲ್ಲಿ ಅರೇಬಿಕಾ ಕಾಫಿ ಗಿಡ ಮಿತಿಮೀರಿ ಕಾಯಿ ಕಟ್ಟಿದಾಗ, ಬಲಿಯುವ ಕಾಯಿಗಳೇ ಈ ಆಹಾರದ ದೊಡ್ಡ ಪಾಲನ್ನು ಎಳೆದುಕೊಂಡು, ಎಲೆ ಉದುರಿ, ರೆಕ್ಕೆಗಳು (ಅಡ್ಡಕೊಂಬೆಗಳು) ತುದಿಯಿಂದ ಒಣಗುತ್ತಾ ಬರುತ್ತವೆ.