ಕರಟ, ಚಮಚ, ಕೀಲಿಗೊಂಚಲು: ನಮ್ಮ ವಾರ್ಡಿನ ಲಿಟಲ್ ರೂಮ್

ವರ್ಷಗಟ್ಟಲೆ ಆಸ್ಪತ್ರೆ ಮಂಚದಲ್ಲೇ ಇರುವ ಮಕ್ಕಳಿಗೆ ಲಿಟಲ್ ರೂಮ್ (ಮಲಗಿದ ಮಗುವಿನ ಕೈಗೆ ಸಿಗುವಂತೆ ಮೇಲಿಂದ ದಾರದಲ್ಲಿ ವಸ್ತು ತೂಗುಬಿಟ್ಟ ಪುಟ್ಟ ಪೆಟ್ಟಿಗೆ) ಮಾಡುತ್ತೇನೆ ಅಂದಾಗ ಇಲ್ಲಿ ಕಾರವಾರದಲ್ಲಿ ಎಲ್ಲರೂ ನಕ್ಕಿದ್ದರು. ಒಬ್ಬ ಹಿರಿಯ ಥೆರಪಿಸ್ಟ್ ಅಂತೂ "ಕುತ್ತಿಗೆಯೇ ನಿಲ್ಲದ ಹುಡುಗನಿಗೆ ಏನು ಪಾಠ ಮಾಡ್ತೀರಿ ಮೇಡಮ್?" ಅಂದರು. ಈಗ ಅದೇ ಹುಡುಗ ಚಮಚದ ಗೊಂಚಲನ್ನು ಬಡಿಯುತ್ತಾನೆ, ನಿಲ್ಲಿಸುತ್ತಾನೆ, ಸದ್ದು ಪೂರ್ತಿ ಅಡಗುವವರೆಗೆ ಕೇಳುತ್ತಾನೆ, ಮತ್ತೆ ಬಡಿಯುತ್ತಾನೆ. ಅವರು ವಿಡಿಯೋ ಕೇಳಿದ್ದಾರೆ. ಬಂದೇ ನೋಡಲಿ ಅಂತ ಕಳಿಸಿಲ್ಲ.

ಕಣ್ಣು ಕಾಣದ ಮಕ್ಕಳಿಗಾಗಿ ಇದನ್ನು ರೂಪಿಸಿದ ಡೆನ್ಮಾರ್ಕಿನ ಲಿಲಿ ನೀಲ್ಸನ್ ಹೇಳಿದ್ದು ಇಷ್ಟೇ: ಮಗು ತಾನಾಗಿಯೇ ಮಾಡಿ ಕಲಿಯಬೇಕು, ನಾವು ನಡುವೆ ಕೈ ಹಾಕಬಾರದು. ಉಳಿದ ಥಿಯರಿ ಬಿಡುತ್ತೇನೆ. ಹೊರದೇಶದ ಕ್ಯಾಟಲಾಗ್ ಬೆಲೆ ನಮ್ಮ ಸಂಬಳಕ್ಕೆ ಆಗುವಂಥದ್ದಲ್ಲ. ಸರ್ಕಾರದ ಕಿಟ್‌ನಲ್ಲಿ ಇರುವುದು ಬಹುಪಾಲು ಕೂತು ಆಡುವ ಮಕ್ಕಳಿಗೆ. ಹಾಗಾಗಿ ಶಿರಸಿಯಲ್ಲಿ ಪರಿಚಯದ ಬಡಗಿಯಿಂದ ಮಾಡಿಸಿದೆ. ನಾಲ್ಕೂವರೆ ಸಾವಿರ ಹೋಯಿತು, ಅರ್ಧಕ್ಕಿಂತ ಜಾಸ್ತಿ ವಸ್ತು ಕಟ್ಟುವ ಮೇಲಿನ ಅಕ್ರಿಲಿಕ್ ಶೀಟಿಗೇ. ಅದರಲ್ಲೂ ಮೊದಲ ಶೀಟು ಮರದ ಬಿಟ್ ಹಾಕಿ ಜೋರಾಗಿ ಕೊರೆದಾಗ ಸೀಳಿಹೋಯಿತು. ಎರಡನೆಯದನ್ನು ವಾರ್ಡಿನವರು ದಿನಾ ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ ಬಿರುಕುಬಿಟ್ಟು ಮಂಜಾಯಿತು. ಈಗ ಸೋಪಿನ ನೀರು ಮಾತ್ರ.

ಜಾಸ್ತಿ ಕಾಡಿದ್ದು ದಾರ. ಟೇಲರ್ ಅಂಗಡಿಯ ಎಲಾಸ್ಟಿಕ್ ಒಂದೇ ವಾರಕ್ಕೆ ಜೋತುಬಿತ್ತು, ಕರಟ ಹುಡುಗನ ಕೆನ್ನೆಗೆ ಬಂದು ತಾಗುತ್ತಿತ್ತು, ಅವನು ಮಾತ್ರ ಮೊದಲಿನ ಜಾಗಕ್ಕೇ ಕೈ ಹಾಕಿ ಹುಡುಕುತ್ತಿದ್ದ. ಅಂದರೆ ಜಾಗ ನೆನಪಿದೆ ಅಂತಾಯಿತಲ್ವಾ! ನನಗೆ ಧೈರ್ಯ ಬಂದಿದ್ದೇ ಆವಾಗ. ಆಮೇಲೆ ಬೈತಖೋಲ ಬಂದರಿನಲ್ಲಿ ಬಲೆ ಹೆಣೆಯುವ ಅಜ್ಜನೊಬ್ಬರು ಬಲೆಯ ನೈಲಾನ್ ಕೊಟ್ಟು ಒಂದು ಗಂಟು ಕಲಿಸಿದರು. ಎಷ್ಟು ಎಳೆದರೂ ಜಾರಲ್ಲ. ಆ ಗಂಟು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ದಾರ ಗಿಡ್ಡ ಇರಲಿ, ಕುತ್ತಿಗೆಗೆ ಸುತ್ತುವಷ್ಟು ಉದ್ದ ಬೇಡವೇ ಬೇಡ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಬೆಳಿಗ್ಗೆ ಗುಡಿಸುವವರು ವಸ್ತುಗಳನ್ನೆಲ್ಲ ಬಿಚ್ಚಿ ತಿರುಗಿ ಬೇರೆ ಕಡೆ ಕಟ್ಟುತ್ತಿದ್ದರು. ನಂಬರ್ ಬರೆದೆ, ಉಪಯೋಗವಾಗಲಿಲ್ಲ. ಕೊನೆಗೆ ಒಂದೊಂದು ತೂತಿಗೆ ಒಂದೊಂದು ಬಣ್ಣದ ನೈಲ್‌ಪಾಲಿಶ್, ದಾರದ ತುದಿಗೂ ಅದೇ ಬಣ್ಣ. ಅಲ್ಲಿಗೆ ಜಗಳ ಮುಗಿಯಿತು.

ಹೊತ್ತೂ ಮುಖ್ಯ. ಟ್ಯೂಬ್ ಫೀಡ್ (ನಳಿಕೆಯಲ್ಲಿ ಕೊಡುವ ಆಹಾರ) ಆದಮೇಲೆ ಮಲಗಿಸುವ ಹಾಗಿಲ್ಲ. ಫಿಟ್ಸ್ ಮಾತ್ರೆ ಕೊಟ್ಟರೆ ಮಂಪರು. ನನಗೆ ಸಿಗುವುದು ಹತ್ತೂವರೆಯ ಫೀಡ್‌ಗೆ ಮುಂಚಿನ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆ ಬಾಯಿ ಮುಚ್ಚಿ ಕೂರಬೇಕು. ಆಯಾ "ಶಾಬಾಸ್" ಅಂದ ಕೂಡಲೇ ಹುಡುಗ ಕೈ ನಿಲ್ಲಿಸಿ ಅವರ ದನಿಗೆ ಕಿವಿ ಕೊಡುತ್ತಿದ್ದ, ಮಾಡುತ್ತಿದ್ದ ಕೆಲಸ ಅಲ್ಲಿಗೇ ಖಲಾಸ್. "ಸುಮ್ನೆ ಕೂರೋಕೂ ಸಂಬಳ ಕೊಡ್ತಾರಾ ಅಕ್ಕೋರೇ?" ಅಂತ ಅವರೇ ಕೇಳಿದ್ದುಂಟು. ಕೈ ಹಿಡಿದು ಮಾಡಿಸುವುದನ್ನೂ ಬಿಟ್ಟೆ. ಎರಡು ತಿಂಗಳು ಹತ್ತಿರ ಹತ್ತಿರ ಏನೂ ಆಗಲಿಲ್ಲ. ಬೆರಳು ತಾಗಿದರೆ ಆಕಸ್ಮಿಕ, ಅಷ್ಟೇ. ಆಮೇಲೆ ಒಂದು ದಿನ ಕೀಲಿಗೊಂಚಲನ್ನು ಹಿಡಿದು ಬಿಡಲೇ ಇಲ್ಲ. ಪ್ಲಾಸ್ಟಿಕ್ ಗಿಲಕಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಕಬ್ಬಿಣ ತಣ್ಣಗಿರುತ್ತೆ, ಕರಟ ತರಿತರಿ ಇರುತ್ತೆ, ಪ್ಲಾಸ್ಟಿಕ್ಕಿಗೆ ಏನಿದೆ?

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಯಕ್ಷಗಾನದವರ ಹಳೇ ಗೆಜ್ಜೆ ತಂದು ರೆಸೋನೆನ್ಸ್ ಬೋರ್ಡಿನ (ಮಗು ಮಲಗುವ, ಸದ್ದು, ಕಂಪನ ಮೈಗೆ ತಾಗಿಸುವ ತೆಳು ಪ್ಲೈವುಡ್ ಹಲಗೆ) ಮೇಲಿಟ್ಟೆ. ಈ ಹುಡುಗ ಬೆಚ್ಚಿ ಮೈ ಸೆಟೆದುಕೊಂಡ. ಆಚೆ ಮಂಚದ ಹುಡುಗಿಯನ್ನು ಮಲಗಿಸಿದರೆ ಕಾಲು ಬಡಿದೂ ಬಡಿದೂ ನಗು! ಉಪ್ಪುಗಾಳಿಗೆ ಗೆಜ್ಜೆ ಹಸಿರುಗಟ್ಟುತ್ತೆ, ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ. ವಾಸನೆಗೆ ಒಣ ಮುರುಗಲು ಸಿಪ್ಪೆಯ ಪೊಟ್ಟಣ ಕಟ್ಟಿದೆ, ಫರಕು ಕಾಣಲಿಲ್ಲ. ಒಣಮೀನು ಕಟ್ಟಿ ಅಂದರು ಆಯಾ. ವಾರ್ಡಿನ ಬೆಕ್ಕುಗಳನ್ನು ನೆನೆದು ಬೇಡ ಅಂದೆ.

ಈಗ ಆ ಹುಡುಗಿಗೊಂದು ಡಬ್ಬಿ ಮಾಡಿಸಬೇಕು. ಒಳಗೆ ಕಪ್ಪು ಬಟ್ಟೆ, ಮೇಲಿಂದ ಕೆಂಪು, ಹಳದಿ ವಸ್ತು ಮಾತ್ರ. ಅವಳ ಕಣ್ಣು ಹಿಡಿಯುವುದು ಅವೆರಡನ್ನೇ. ನೀವೂ ಮಾಡಿಸುವುದಾದರೆ ರೆಸೋನೆನ್ಸ್ ಬೋರ್ಡಿಗೆ ನಾಲ್ಕು ಎಂಎಂ ಪ್ಲೈವುಡ್ ಬೇಸಿಗೆಯಲ್ಲೇ ತಗೊಳ್ಳಿ. ನಾನು ಜುಲೈನಲ್ಲಿ ತಂದಿದ್ದು ನೆಲಕ್ಕೆ ಕೂರದೆ ಎದ್ದುನಿಂತಿತ್ತು, ಎಂಟುನೂರು ರೂಪಾಯಿ ದಂಡ.