ದನ ಸತ್ತದ್ದು ರೋಗದಿಂದಲೋ ವಿಷದಿಂದಲೋ: ಪತ್ತೆಯ ಕೆಲಸದಲ್ಲಿ ನನ್ನ ಅನುಭವ

ಪಶುರೋಗ ನಿದಾನ ಪ್ರಯೋಗಾಲಯಕ್ಕೆ ಬರುವ ಕರೆಗಳಲ್ಲಿ ನಾನು ಹೆಚ್ಚು ಎಚ್ಚರದಿಂದ ಹೊರಡುವುದು, ಹಿಂದಿನ ಸಂಜೆಯವರೆಗೆ ಚೆನ್ನಾಗಿ ಮೇಯುತ್ತಿದ್ದ ದನಗಳು ಏಕಾಏಕಿ ಸತ್ತು ಬಿದ್ದಿವೆ ಎಂಬ ಸುದ್ದಿಗೆ. ನಾವು ತಲುಪುವ ಹೊತ್ತಿಗೆ ಸಾಕಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಆಗದವರು ಯಾರೋ ವಿಷ ಹಾಕಿದ್ದಾರೆ. ಅದು ನಿಜವೂ ಇರಬಹುದು. ಆದರೆ ನೆರಡಿ ರೋಗ (ಆಂಥ್ರಾಕ್ಸ್), ಚಪ್ಪೆ ರೋಗ, ಗಳಲೆ ರೋಗ, ಹೊಟ್ಟೆಯುಬ್ಬರ, ಸಿಡಿಲು, ಹಾವಿನ ಕಡಿತ, ಮೇವಿನಲ್ಲಿರುವ ನೈಟ್ರೇಟ್ ಅಥವಾ ಸಯನೈಡ್, ಕೀಟನಾಶಕ ಇವೆಲ್ಲವೂ ದೂರದಿಂದ ನೋಡುವವರಿಗೆ ಒಂದೇ ಬಗೆಯ ಸಾವಾಗಿ ಕಾಣುತ್ತವೆ. ಪ್ರಯೋಗಾಲಯದ ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಶವದ ಬಳಿ ಮೊದಲ ಗಂಟೆಯಲ್ಲಿ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದೆವು ಎಂಬುದರ ಮೇಲೆಯೇ ಉತ್ತರ ನಿಂತಿರುತ್ತದೆ ಎಂಬುದು ನನ್ನ ಅನುಭವ.

ನನ್ನ ಕ್ರಮದಲ್ಲಿ ಮೊದಲ ನಿಯಮ, ನೆರಡಿ ಅಲ್ಲವೆಂದು ತಿಳಿಯುವವರೆಗೆ ಶವಕ್ಕೆ ಚಾಕು ಹಾಕಬಾರದು ಎಂಬುದು. ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಈ ರೋಗಾಣು ಮುಚ್ಚಿದ ಶವದೊಳಗೆ ಕೊಳೆಯುವಿಕೆಯ ಜೊತೆಗೆ ಬಹುಮಟ್ಟಿಗೆ ನಾಶವಾಗುತ್ತದೆ. ಶವವನ್ನು ಕೊಯ್ದು ಗಾಳಿಗೆ ಒಡ್ಡಿದರೆ ಬೀಜಕಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಿದೆಯೇ, ದೇಹ ಸೆಟೆದುಕೊಳ್ಳದೆ ಬೇಗನೆ ಉಬ್ಬಿದೆಯೇ ಎಂದು ಮೊದಲು ನೋಡುತ್ತೇನೆ. ಈ ಲಕ್ಷಣಗಳು ಇಲ್ಲದಿದ್ದರೂ ರಕ್ತಲೇಪ ಬಿಡುವುದಿಲ್ಲ. ಎರಡು ಜೊತೆ ಕೈಗವಸು ಹಾಕಿಕೊಂಡು, ಕಿವಿಯ ರಕ್ತನಾಳವನ್ನು ಚುಚ್ಚಿ, ಒಂದು ಹನಿಯನ್ನು ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಚುಚ್ಚಿದ ಜಾಗಕ್ಕೆ ಸೋಂಕುನಿವಾರಕದಲ್ಲಿ ನೆನೆಸಿದ ಹತ್ತಿಯನ್ನು ಒತ್ತಿ ಬಿಡುತ್ತೇನೆ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿದ ಆ ಲೇಪದಲ್ಲಿ, ತುದಿ ಕತ್ತರಿಸಿದಂತೆ ಚೌಕಾಗಿರುವ ನೀಲಿ ಕಡ್ಡಿಗಳು ಸರಪಳಿಯಾಗಿ ನಿಂತು ಸುತ್ತಲೂ ನಸುಗೆಂಪು ಕವಚ ಕಂಡರೆ ಅದು ನೆರಡಿ. ಶವ ಹಳತಾದಂತೆ ಕವಚ ಕರಗಿ, ಕರುಳಿನಿಂದ ಬಂದ ಬೇರೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ರಕ್ತವನ್ನು ತುಂಬಿಕೊಳ್ಳುವುದರಿಂದ, ತಡವಾಗಿ ತೆಗೆದ ಲೇಪವನ್ನು ನಾನು ನಂಬುವುದಿಲ್ಲ. ಆಗ ಶವವನ್ನು ಕೊಯ್ಯದೆ, ಬೇರೆ ಪರೀಕ್ಷೆಯ ಉತ್ತರಕ್ಕೆ ಕಾಯುತ್ತೇನೆ.

ಬಣ್ಣ ಒಣಗುವ ಹೊತ್ತಿನಲ್ಲಿ ಪ್ರಶ್ನೆಗಳನ್ನು ಕೇಳುತ್ತೇನೆ. ಈ ಕೆಲಸವನ್ನು ಹಗುರವಾಗಿ ಕಾಣುವ ಯುವ ಸಹೋದ್ಯೋಗಿಗಳನ್ನು ನೋಡಿದಾಗ ನನಗೆ ಸ್ವಲ್ಪ ಅಸಮಾಧಾನವಾಗುವುದುಂಟು, ಏಕೆಂದರೆ ವಿಷಶಾಸ್ತ್ರದಲ್ಲಿ ‘ವಿಷ ಇದೆಯೇ’ ಎಂದು ಒಂದೇ ಏಟಿಗೆ ಹೇಳುವ ಪರೀಕ್ಷೆಯಿಲ್ಲ; ಯಾವುದನ್ನು ಹುಡುಕಬೇಕೆಂದು ನಾವೇ ಪ್ರಯೋಗಾಲಯಕ್ಕೆ ಹೇಳಬೇಕು. ಮೇವು ಬದಲಾಗಿತ್ತೇ, ಹೊಸ ಜಾಗದಲ್ಲಿ ಬಿಟ್ಟಿದ್ದರೇ, ತಿಂದ ಎಷ್ಟು ಹೊತ್ತಿಗೆ ಮೊದಲನೆಯದು ಬಿತ್ತು, ಹತ್ತಿರದಲ್ಲಿ ಔಷಧಿ ಸಿಂಪಡಿಸಿದ್ದರೇ, ನಾಯಿ ಅಥವಾ ಹಕ್ಕಿಗಳೂ ಸತ್ತಿವೆಯೇ, ಸತ್ತವು ಬಡಕಲು ದನಗಳೋ ಎಲ್ಲವನ್ನೂ ತಳ್ಳಿ ಮುನ್ನುಗ್ಗಿ ತಿನ್ನುವ ಬಲಿಷ್ಠ ದನಗಳೋ? ಕೊನೆಯ ಪ್ರಶ್ನೆಗೆ ಬರುವ ಉತ್ತರ ನನಗೆ ಎಷ್ಟೋ ಸಲ ದಾರಿ ತೋರಿಸಿದೆ. ಹೊಟ್ಟೆ ತುಂಬ ತಿಂದವು ಮೊದಲು ಸತ್ತಿದ್ದರೆ ನನ್ನ ಕಣ್ಣು ಮೇವಿನ ಕಡೆ ತಿರುಗುತ್ತದೆ.

ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಳೆ ಕೈಕೊಟ್ಟು ಬಾಡಿದ್ದ ಜೋಳವನ್ನು ಕೊಯ್ದ ಮೇಲೆ ಒಂದು ಮಳೆ ಬಿದ್ದು, ಕೂಳೆ ಚಿಗುರಿತ್ತು. ಹಸಿದ ದನಗಳನ್ನು ಅಲ್ಲಿ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಕೆಲವು ತತ್ತರಿಸಿ, ಏದುಸಿರು ಬಿಟ್ಟು, ನಡುಗಿ ಬಿದ್ದು ಸತ್ತವು. ಯಜಮಾನರ ಅನುಮಾನ ಪಕ್ಕದ ಹೊಲದವರ ಮೇಲಿತ್ತು. ರಕ್ತಲೇಪದಲ್ಲಿ ರೋಗಾಣುವಿನ ಸುಳಿವಿರಲಿಲ್ಲ. ಶವಗಳು ಇನ್ನೂ ತಾಜಾ ಇದ್ದುದರಿಂದ ಕೊಯ್ಯಲು ನಿರ್ಧರಿಸಿದೆ. ರಕ್ತ ಎದ್ದು ಕಾಣುವಷ್ಟು ಕೆಂಪಾಗಿತ್ತು. ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವುದನ್ನೇ ತಡೆಯುವುದರಿಂದ, ಬಳಕೆಯಾಗದ ಆಮ್ಲಜನಕ ರಕ್ತದಲ್ಲೇ ಉಳಿದು ಈ ಬಣ್ಣ ಬರುತ್ತದೆ. ನೈಟ್ರೇಟ್ ವಿಷವಾಗಿದ್ದರೆ ಅದೇ ರಕ್ತ ಚಾಕೊಲೇಟಿನಂತೆ ಕಂದಾಗಿರುತ್ತದೆ. ಈ ಬಣ್ಣಗಳು ಸತ್ತ ಕೆಲವು ಗಂಟೆಗಳಲ್ಲಿ ಮಾಸಿಹೋಗುವುದರಿಂದ, ನೋಡಿದ ಸಮಯವನ್ನೂ ಬಣ್ಣದ ಜೊತೆಗೇ ಬರೆದುಕೊಳ್ಳುವ ಅಭ್ಯಾಸ ನನ್ನದು.

ಸ್ಥಳದಲ್ಲೇ ಪಿಕ್ರೇಟ್ ಕಾಗದದ ಪರೀಕ್ಷೆ ಮಾಡಿದೆ. ಪಿಕ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದ ಸೋಸು ಕಾಗದದ ಹಳದಿ ಪಟ್ಟಿಯನ್ನು, ಜಜ್ಜಿದ ಚಿಗುರಿಗೆ ಕೆಲವು ಹನಿ ನೀರು ಮತ್ತು ಕ್ಲೋರೋಫಾರಂ ಸೇರಿಸಿದ ಪ್ರನಾಳದೊಳಗೆ ಎಲೆಗೆ ತಾಗದಂತೆ ತೂಗುಬಿಟ್ಟು, ಬಿರಡೆ ಹಾಕಿ, ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡೆ. ಪಟ್ಟಿಯ ಕೆಳಗಿನ ಅಂಚು ಮೊದಲು ಕಿತ್ತಳೆಗೆ ತಿರುಗಿತು. ನೋಡನೋಡುತ್ತ ಇಟ್ಟಿಗೆಗೆಂಪು ಮೇಲಕ್ಕೇರಿತು. ಎಳೆಯ ಜೋಳದಲ್ಲಿರುವ ಧುರ್ರಿನ್ ಎಂಬ ವಸ್ತು, ಎಲೆ ಜಜ್ಜಿದಾಗ ಅಥವಾ ಅಗಿದಾಗ, ಗಿಡದ್ದೇ ಕಿಣ್ವಗಳ ಕೈಗೆ ಸಿಕ್ಕಿ ಹೈಡ್ರೋಜನ್ ಸಯನೈಡನ್ನು ಬಿಡುಗಡೆ ಮಾಡುತ್ತದೆ; ಪಟ್ಟಿಯನ್ನು ಕೆಂಪಾಗಿಸುವುದು ಅದೇ. (ಪಿಕ್ರಿಕ್ ಆಮ್ಲ ಪೂರ್ತಿ ಒಣಗಿದರೆ ಸ್ಫೋಟಕ. ಅದರ ಶೀಸೆಯಲ್ಲಿ ಸದಾ ತೇವವಿರುವಂತೆ ನೋಡಿಕೊಳ್ಳಬೇಕು.) ಯಜಮಾನರು ಆ ಪಟ್ಟಿಯನ್ನೇ ದಿಟ್ಟಿಸಿ ನೋಡಿ, ಉಳಿದ ದನಗಳನ್ನು ಹೊಲದಿಂದ ಹೊರಕ್ಕೆ ಅಟ್ಟಿಸಿದರು. ಪಕ್ಕದ ಹೊಲದವರ ಮಾತು ಮತ್ತೆ ಬರಲಿಲ್ಲ.

ಈ ಪರೀಕ್ಷೆ ಸಯನೈಡ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟಿದೆ ಎಂಬುದನ್ನಲ್ಲ. ಹಸಿ ಮೇವಿನಲ್ಲಿ ಸಯನೈಡ್ 100 ಪಿಪಿಎಂಗಿಂತ (ಹತ್ತು ಲಕ್ಷ ಭಾಗಗಳಲ್ಲಿ 100 ಭಾಗಕ್ಕಿಂತ) ಕಡಿಮೆಯಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ, 220 ಪಿಪಿಎಂ ದಾಟಿದರೆ ಬಹಳ ಅಪಾಯ ಎಂಬ ಅಳತೆಗೋಲನ್ನು ನಾನು ಬಳಸುತ್ತೇನೆ. ಅದಕ್ಕೆ ಪ್ರಯೋಗಾಲಯದ ಮಾಪನವೇ ಬೇಕು. ಹಾಗಾಗಿ ಯಕೃತ್ತು, ಮಾಂಸಖಂಡ, ಮೊದಲ ಹೊಟ್ಟೆಯ ಮೇವು, ಹೊಲದ ಚಿಗುರು ಇವೆಲ್ಲವನ್ನೂ ಬೇರೆ ಬೇರೆ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ತಕ್ಷಣ ಹೆಪ್ಪುಗಟ್ಟಿಸಿದೆ, ಏಕೆಂದರೆ ಸಯನೈಡ್ ಆವಿಯಾಗಿ ಹಾರಿಹೋಗುತ್ತದೆ ಮತ್ತು ಸತ್ತ ಸುಮಾರು 4 ಗಂಟೆಯೊಳಗೆ ತೆಗೆದ ಮಾದರಿಗೇ ಹೆಚ್ಚು ಬೆಲೆ.

ಮಾದರಿಯ ವಿಷಯದಲ್ಲಿ ನಾನು ಹಟಮಾರಿ. ಎಲ್ಲವನ್ನೂ ಒಂದೇ ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಕಾಯುವ ದ್ರಾವಣ) ಬಾಟಲಿಗೆ ಹಾಕಿ ಕಳುಹಿಸಿದರೆ ರಾಸಾಯನಿಕ ಪರೀಕ್ಷೆಗೂ ರೋಗಾಣು ಬೆಳೆಸುವುದಕ್ಕೂ ಅದು ಉಪಯೋಗಕ್ಕೆ ಬಾರದು. ಆದ್ದರಿಂದ ಪ್ರತಿ ಅಂಗದ ಒಂದು ತುಂಡು ಹತ್ತು ಪಟ್ಟು ಫಾರ್ಮಲಿನ್‌ಗೆ, ಒಂದು ಹೆಪ್ಪುಗಟ್ಟಿಸಲು, ಒಂದು ಶೈತ್ಯದಲ್ಲಿ ರೋಗಾಣು ಪರೀಕ್ಷೆಗೆ. ಕೀಟನಾಶಕದ ಅನುಮಾನವಿದ್ದರೆ ಕೋಲಿನೆಸ್ಟರೇಸ್ ಎಂಬ ನರಮಂಡಲದ ಕಿಣ್ವವನ್ನು ಅಳೆಯಲು ಮಿದುಳಿನ ಅರ್ಧಭಾಗ; ಸೀಸದ ಅನುಮಾನವಿದ್ದರೆ ಮೂತ್ರಪಿಂಡ; ನೈಟ್ರೇಟ್ ಇದ್ದರೆ ಕಣ್ಣುಗುಡ್ಡೆ, ಏಕೆಂದರೆ ಅದರೊಳಗಿನ ದ್ರವದಲ್ಲಿ ನೈಟ್ರೇಟ್ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಪರೀಕ್ಷಿಸುವವರೇ ರೋಗಕ್ಕೆ ಮೊದಲ ತುತ್ತಾಗುವ ಸಾಧ್ಯತೆಯೂ ಈ ಕೆಲಸದ ಭಾಗ. ಬಾಯಲ್ಲಿ ಜೊಲ್ಲು ಸುರಿಸುತ್ತ ನುಂಗಲಾರದೆ ಒದ್ದಾಡುವ ಹಸುವಿಗೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕುವುದು ರೇಬೀಸ್ ಅಂಟಿಸಿಕೊಳ್ಳುವ ನೇರ ದಾರಿ. ಕೀಟನಾಶಕ ಸೇವಿಸಿದ ಹಸುವೂ ಹೀಗೆಯೇ ಜೊಲ್ಲು ಸುರಿಸುತ್ತದೆ. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಸತ್ತೆಯನ್ನೂ (ಮಾಸನ್ನೂ) ಸತ್ತ ಕರುವನ್ನೂ, ಗರ್ಭಪಾತ ತರುವ ಬ್ರುಸೆಲ್ಲಾ ರೋಗಾಣು ಇದೆ ಎಂದೇ ಭಾವಿಸಿ ಮುಟ್ಟುತ್ತೇನೆ. ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾದಲ್ಲಿ ಗುರುತಿಸಿದ ಈ ಕುಲದ ರೋಗಾಣುಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ತಗುಲುವ ಸೋಂಕುಗಳಲ್ಲಿ ಮುಂಚೂಣಿಯಲ್ಲಿವೆ.

ರೋಗ, ವಿಷ ಎರಡೂ ಕಡತಗಳನ್ನು ಕೊನೆಯವರೆಗೆ ತೆರೆದಿಡುವುದು ನನ್ನೊಬ್ಬನ ಶಂಕೆಯ ಸ್ವಭಾವವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದರು. ಕೊನೆಗೆ ಸಿಕ್ಕಿದ್ದು ಕಡಲೆಕಾಯಿ ಹಿಂಡಿಯ ಬೂಸ್ಟಿನಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ. ದಕ್ಷಿಣ ಏಷ್ಯಾದ ರಣಹದ್ದುಗಳ ಸಾವಿಗೆ ಸೋಂಕು ರೋಗವೇ ಕಾರಣವೆಂದು ಬಹುಕಾಲ ಶಂಕಿಸಲಾಗಿತ್ತು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು, ಚಿಕಿತ್ಸೆ ಪಡೆದು ಸತ್ತ ದನಗಳ ಮಾಂಸದಲ್ಲಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಔಷಧಿ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿದೆ ಎಂದು ತೋರಿಸಿದರು, ಮತ್ತು ಭಾರತ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು.

ವರದಿ ಬರೆಯುವಾಗ ‘ವಿಷವಿಲ್ಲ’ ಎಂದು ನಾನು ಎಂದೂ ಬರೆಯುವುದಿಲ್ಲ. ಯಾವ ಮಾದರಿಯಲ್ಲಿ ಯಾವ ವಸ್ತುವನ್ನು ಯಾವ ವಿಧಾನದಿಂದ ಹುಡುಕಿದೆವು, ಅದರಲ್ಲಿ ಏನು ಪತ್ತೆಯಾಗಲಿಲ್ಲ ಎಂದಷ್ಟೇ ಬರೆಯುತ್ತೇನೆ. ಹೆಪ್ಪುಗಟ್ಟಿಸಿದ ಮಾದರಿಯ ಒಂದು ಪಾಲನ್ನು ಮುದ್ರೆ ಹಾಕಿ ತೆಗೆದಿಡುತ್ತೇನೆ. ತನಿಖೆ ಬೇರೆ ದಿಕ್ಕು ಹಿಡಿದರೆ ಅದನ್ನು ಮತ್ತೆ ಪರೀಕ್ಷಿಸಬಹುದು.