ಮ್ಯೂಸಿಯಂನಲ್ಲಿ ಹೊಸ ಬ್ರೆಜಿಲ್ ಸಿನಿಮಾಗಳನ್ನ ತೋರಿಸ್ತಿದ್ರೆ ಹೇಗೆ ನೋಡೋದು

ಮೊದ್ಲು ಶೆಡ್ಯೂಲ್ ಪೂರ್ತಿ ಓದಿ, ಪ್ರಶಸ್ತಿ ಬಂದಿರೋದನ್ನ ಮಾತ್ರ ಟಿಕ್ ಮಾಡ್ಬೇಡಿ, ಅವು ಆಮೇಲೆ ಓಟಿಟಿಲಿ ಸಿಗೋ ಚಾನ್ಸ್ ಜಾಸ್ತಿ, ಡಾಕ್ಯುಮೆಂಟರಿ ಮತ್ತೆ ಹೊಸಬರ ಮೊದಲ ಸಿನಿಮಾಗಳು ಅಷ್ಟು ಸುಲಭವಾಗಿ ಸಿಗಲ್ಲ.

ಸ್ವಲ್ಪ ಹಿನ್ನೆಲೆ ಗೊತ್ತಿರ್ಲಿ. 1964ರಿಂದ 1985ರವರೆಗೆ ಬ್ರೆಜಿಲ್‌ನಲ್ಲಿ ಮಿಲಿಟರಿ ಆಡಳಿತ ಇತ್ತು, ಆಮೇಲೆ 1990ರಲ್ಲಿ ಎಂಬ್ರಾಫಿಲ್ಮೆ ಅನ್ನೋ ಸರ್ಕಾರಿ ಸಿನಿಮಾ ಸಂಸ್ಥೆನೇ ಮುಚ್ಚಿ ಸಿನಿಮಾ ಮಾಡೋದೇ ಹೆಚ್ಚುಕಮ್ಮಿ ನಿಂತೋಯ್ತು, ಚೇತರಿಸ್ಕೊಂಡಿದ್ದು ತೊಂಬತ್ತರ ದಶಕದ ಮಧ್ಯದಲ್ಲಿ. ಡೈರೆಕ್ಟರ್ ವಾಲ್ಟರ್ ಸಾಲೆಸ್ ಅವರ 'ಐ ಆಮ್ ಸ್ಟಿಲ್ ಹಿಯರ್' ಸಿನಿಮಾಗೆ 2025ರಲ್ಲಿ ಆಸ್ಕರ್ ಬಂತಲ್ಲ, ಅದೂ ಆ ಮಿಲಿಟರಿ ಕಾಲದ ಕಥೆನೇ.

ರಿಯೊ, ಸಾವೊ ಪಾಲೊ ಬಿಟ್ಟು ಬೇರೆ ಊರಿನದೂ ಒಂದಾದ್ರೂ ಸೇರಿಸ್ಕೊಳ್ಳಿ, ಡೈರೆಕ್ಟರ್ ಕ್ಲೆಬರ್ ಮೆಂಡೊನ್ಸಾ ಫಿಲ್ಯೊ ಅವರು ರೆಸಿಫೆ ಅನ್ನೋ ಊರಲ್ಲಿ ಮಾಡಿದ ಸಿನಿಮಾ ಸಿಕ್ಕಿದ್ರಂತೂ ಬಿಡ್ಲೇಬೇಡಿ.

ನೋಡುವಾಗ ಮನೆ ಒಳಗಡೆ ಗಮನ ಇಡಿ, ಯಾರು ಕೂತು ತಿಂತಾರೆ ಯಾರು ನಿಂತು ಬಡಿಸ್ತಾರೆ ಅಂತ. ಅನಾ ಮುಯ್ಲಾರ್ಟ್ 2015ರಲ್ಲಿ ಮಾಡಿದ ಸಿನಿಮಾದಲ್ಲಿ ಮನೆಕೆಲಸದಾಕೆಯ ಮಗಳು ಯಜಮಾನರ ಸ್ವಿಮ್ಮಿಂಗ್ ಪೂಲಲ್ಲಿ ಆಡ್ತಾಳೆ, ಯಜಮಾನಿ ಪೂಲಿನ ನೀರನ್ನೇ ಖಾಲಿ ಮಾಡಿಸ್ತಾಳೆ! ವರ್ಗಭೇದ ಅಂತ ಭಾಷಣನೇ ಬೇಡ, ಅದೊಂದೇ ಸಾಕು, ನಂಗೆ ಈಗ್ಲೂ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಪೋರ್ಚುಗೀಸ್ ಬರದಿದ್ರೆ ಸಬ್‌ಟೈಟಲ್ ಕಾಣೋ ಹಾಗೆ ಮಧ್ಯದ ಸೀಟು ಹಿಡೀರಿ, ಡೈರೆಕ್ಟರ್ ಬಂದಿದ್ರೆ ಮುಗಿದ್ಮೇಲೆ ಎದ್ದು ಹೋಗ್ಬೇಡಿ, ದುಡ್ಡು ಎಲ್ಲಿಂದ ಬಂತು, ಎಷ್ಟು ವರ್ಷ ಹಿಡೀತು ಅಂತ ಕೇಳಿ.